ಹಳೆ ಟ್ರ್ಯಾಕ್ಟರಿನ ಕ್ಲಚ್ ಕೈಕೊಟ್ಟಾಗ: ಬಿಚ್ಚುವ ಮೊದಲು ಹೊರಗಿನಿಂದಲೇ ಏನೇನು ನೋಡಬೇಕು

"ಗೇರ್ ಹಾಕೋಕೆ ಹೋದ್ರೆ ಕರಕರ ಅನ್ನುತ್ತೆ." "ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಎಳೆಯಲ್ಲ." "ಕೆಲವು ತಿಂಗಳು ಸುಮ್ನೆ ನಿಲ್ಲಿಸಿದ್ದೆ, ಈಗ ಪೆಡಲ್ ತುಳಿದರೂ ಕ್ಲಚ್ ಬಿಡ್ತಾ ಇಲ್ಲ." ಓದುಗರಿಂದ ಪದೇ ಪದೇ ಬರುವ ಪ್ರಶ್ನೆಗಳು ಇವು. ಎಲ್ಲದರ ಕೊನೆಗೂ ಒಂದೇ ಮಾತು ಇರುತ್ತದೆ: "ಹೊಸ ಕ್ಲಚ್ ಪ್ಲೇಟ್ ಹಾಕಿಸಿಬಿಡ್ಲಾ?"

ಹಾಕಿಸಬೇಕಾಗಿ ಬರಬಹುದು. ಆದರೆ ಅದನ್ನು ಕೊನೆಗೆ ಯೋಚಿಸೋಣ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಲಾರಿಗೆ ಇರುವ ಹಾಗೆ ಬೇರೆ ಚಾಸಿ ಇರುವುದಿಲ್ಲ. ಇಂಜಿನ್, ಅದರ ಹಿಂದೆ ಕ್ಲಚ್ ಇರುವ ಕವಚ, ಅದರ ಹಿಂದೆ ಗೇರ್‌ಬಾಕ್ಸ್, ಇವು ಒಂದಕ್ಕೊಂದು ಬೋಲ್ಟ್ ಆಗಿ ನಿಂತಿರುತ್ತವೆ. ಹಾಗಾಗಿ ಕ್ಲಚ್ ಮುಟ್ಟಬೇಕೆಂದರೆ ಇಡೀ ಟ್ರ್ಯಾಕ್ಟರನ್ನು ನಡುವಿನಲ್ಲಿ ಬಿಡಿಸಿ ಎರಡು ಭಾಗ ಮಾಡಬೇಕು. ಭಾರದ ಕೆಲಸ, ಅಪಾಯದ ಕೆಲಸ, ಖರ್ಚೂ ಜಾಸ್ತಿ. ಅಷ್ಟೆಲ್ಲ ಮಾಡಿದ ಮೇಲೆ ತಪ್ಪು ಇದ್ದದ್ದು ಹೊರಗಿನ ಒಂದು ಸವೆದ ಪಿನ್ನಿನಲ್ಲಿ ಎಂದು ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಅದಕ್ಕೇ ಇಲ್ಲಿನ ಕ್ರಮ ಹೊರಗಿನಿಂದ ಒಳಕ್ಕೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ನಡುವೆ ಹಾರಬೇಡಿ.

ಇಲ್ಲಿ ಹೇಳುವುದು ಕಾಲಿನಿಂದ ತುಳಿಯುವ, ರಾಡ್ ಮೂಲಕ ಕೆಲಸ ಮಾಡುವ ಒಣ ಕ್ಲಚ್ಚಿನ ಬಗ್ಗೆ. ಹಳೆ ಟ್ರ್ಯಾಕ್ಟರುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ನಿಮ್ಮದರಲ್ಲಿ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಇದ್ದರೆ ಲೆಕ್ಕ ಬೇರೆ.

ಕ್ಲಚ್ ಒಳಗೆ ನಡೆಯುವುದೇನು

ಇದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಇಂಜಿನ್ನಿನ ಹಿಂತುದಿಯಲ್ಲಿ ತಿರುಗುವ ಭಾರವಾದ ಚಕ್ರವೇ ಫ್ಲೈವೀಲ್. ಅದಕ್ಕೆ ಬೋಲ್ಟ್ ಮಾಡಿ ಕೂರಿಸಿದ್ದು ಪ್ರೆಷರ್ ಪ್ಲೇಟ್. ಎರಡರ ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್. ಇದರ ಎರಡೂ ಮುಖಕ್ಕೆ ಉಜ್ಜುವ ಲೈನಿಂಗ್ ಇರುತ್ತದೆ. ಪ್ರೆಷರ್ ಪ್ಲೇಟಿನ ಸ್ಪ್ರಿಂಗುಗಳು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿದಿರುವಾಗ ಇಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುತ್ತದೆ.

ಪೆಡಲ್ ತುಳಿದರೆ ರಾಡ್ ಒಂದು ಅಡ್ಡ ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿನ ಮೇಲಿನ ಫೋರ್ಕ್ ರಿಲೀಸ್ ಬೇರಿಂಗನ್ನು ಮುಂದಕ್ಕೆ ದೂಡುತ್ತದೆ. ಬೇರಿಂಗ್ ಹೋಗಿ ಪ್ರೆಷರ್ ಪ್ಲೇಟಿನ ಫಿಂಗರುಗಳನ್ನು, ಅಂದರೆ ನಡುವಿನ ಕಡೆಗೆ ಚಾಚಿಕೊಂಡಿರುವ ಸಣ್ಣ ಮೀಟುಗೋಲುಗಳನ್ನು ಒತ್ತುತ್ತದೆ. ಆಗ ಹಿಡಿತ ಬಿಟ್ಟು ಕ್ಲಚ್ ಪ್ಲೇಟ್ ಸಡಿಲವಾಗುತ್ತದೆ.

ಪೆಡಲ್ ಮೇಲಿರುವಾಗ ಬೇರಿಂಗ್ ಫಿಂಗರುಗಳಿಗೆ ತಾಗಬಾರದು. ನಡುವೆ 2ರಿಂದ 3 ಮಿ.ಮೀ. ಸಂದು ಇರಬೇಕು. ಈ ಸಂದಿಯೇ ಪೆಡಲಿನಲ್ಲಿ ದೊಡ್ಡದಾಗಿ, ಸುಮಾರು 25 ಮಿ.ಮೀ. ಆಗಿ ಕಾಣುತ್ತದೆ. ಇದನ್ನೇ ಮೆಕ್ಯಾನಿಕ್‌ಗಳು ಫ್ರೀ ಪ್ಲೇ ಅನ್ನುವುದು. ಪೆಡಲನ್ನು ಕೈಯಿಂದ ಒತ್ತಿದಾಗ ಮೊದಲು ಹಗುರವಾಗಿ ಹೋಗಿ, ಆಮೇಲೆ ಗಟ್ಟಿ ತಾಗುತ್ತದಲ್ಲ, ಆ ಹಗುರದ ಓಟವೇ ಫ್ರೀ ಪ್ಲೇ.

ಇನ್ನೊಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಕ್ಲಚ್ ಪ್ಲೇಟ್ ಸವೆದ ಹಾಗೆ ಫ್ರೀ ಪ್ಲೇ ಜಾಸ್ತಿಯಾಗುವುದಿಲ್ಲ, ಕಮ್ಮಿಯಾಗುತ್ತದೆ. ಪ್ಲೇಟ್ ತೆಳ್ಳಗಾದಂತೆ ಪ್ರೆಷರ್ ಪ್ಲೇಟ್ ಮುಂದಕ್ಕೆ ಸರಿಯುತ್ತದೆ, ಫಿಂಗರುಗಳ ಒಳತುದಿ ಹಿಂದಕ್ಕೆ, ಬೇರಿಂಗ್ ಕಡೆಗೆ ಬರುತ್ತದೆ. ತುಂಬಾ ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ. ಪೆಡಲ್ ಮೇಲೆಯೇ ಗಟ್ಟಿ ಸಿಕ್ಕರೆ "ಕ್ಲಚ್ ಚೆನ್ನಾಗಿದೆ" ಎಂದು ಖುಷಿಪಡುತ್ತಾರೆ. ಅದು ಅಡ್ಜಸ್ಟ್ ಮಾಡುವ ಹೊತ್ತು ಬಂದಿದೆ ಎಂಬುದಕ್ಕೆ ಗುರುತು.

ಏನೇನು ಬೇಕು

ನಿಮ್ಮ ಮಾಡೆಲಿನ ಸರ್ವಿಸ್ ಪುಸ್ತಕ, ಸ್ಪ್ಯಾನರ್ ಸೆಟ್ಟು, ಇಕ್ಕಳ, ಒಂದು ಸ್ಕೇಲು, ಟಾರ್ಚು, ಗ್ರೀಸ್ ಗನ್, ಹೊಸ ಸ್ಪ್ಲಿಟ್ ಪಿನ್ನುಗಳು (ಕೀಲಿನ ದಪ್ಪ ಪಿನ್ ಕಳಚದಂತೆ ಅದರ ತುದಿಯಲ್ಲಿ ತೂರಿಸಿ ಬಾಗಿಸುವ ಸಣ್ಣ ಕವಲು ಪಿನ್ನುಗಳು), ಒಂದು ತುಂಡು ರಟ್ಟು, ಚಕ್ರಕ್ಕೆ ಇಡಲು ಮರದ ಅಡೆಗಳು. ಜೊತೆಗೆ ಪೆಡಲ್ ತುಳಿಯಲು ಒಬ್ಬರು ಬೇಕು. ಈ ಸಹಾಯದ ಕಾಲು ಇಲ್ಲದೆ ಅರ್ಧ ಪರೀಕ್ಷೆ ನಡೆಯುವುದಿಲ್ಲ.

ಹಂತ 1: ಟ್ರ್ಯಾಕ್ಟರನ್ನು ಭದ್ರ ಮಾಡಿ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಉಪಕರಣ ಬಿಚ್ಚಿಡಿ. ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಅಡೆ ಕೊಡಿ. ಇಂಜಿನ್ ಓಡುತ್ತಿರುವಾಗ ಕೆಳಗೆ ತೂರಬೇಡಿ, ಕ್ಲಚ್ ಕವಚದ ತಪಾಸಣೆ ಕಿಂಡಿಯೊಳಗೆ ಕೈ ಹಾಕಬೇಡಿ. ಕ್ಲಚ್ ಸರಿಯಿಲ್ಲದ ಟ್ರ್ಯಾಕ್ಟರು ಯಾವಾಗ ಚಲಿಸುತ್ತದೆ ಎಂದು ಹೇಳಲಾಗದು.

ಎಡ ಮತ್ತು ಬಲ ಬ್ರೇಕ್ ಪೆಡಲುಗಳು ಬೇರೆ ಬೇರೆ ಇದ್ದರೆ, ಅವೆರಡನ್ನೂ ಕೂಡಿಸುವ ಕೊಂಡಿ ಹಾಕಿಕೊಳ್ಳಿ. ಮುಂದಿನ ಪರೀಕ್ಷೆಗಳಲ್ಲಿ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಬೇಕು.

ಹಂತ 2: ತೊಂದರೆ ಯಾವ ಜಾತಿಯದು ಎಂದು ಗುರುತಿಸಿ

ಎಲ್ಲವನ್ನೂ ಸೇರಿಸಿ "ಕ್ಲಚ್ ಹೋಗಿದೆ" ಎಂದುಬಿಟ್ಟರೆ ದಾರಿ ತಪ್ಪುತ್ತದೆ. ಹಿಡಿಯದಿರುವುದು ಬೇರೆ, ಬಿಡದಿರುವುದು ಬೇರೆ. ಎರಡಕ್ಕೂ ಕಾರಣಗಳು ಹೆಚ್ಚುಕಮ್ಮಿ ಎದುರುಬದುರು.

ಜಾರುತ್ತಿದೆಯಾ? ಉಳುವಾಗಲೋ ಏರು ಹತ್ತುವಾಗಲೋ ಇಂಜಿನ್ನಿನ ಸದ್ದು ಏರುತ್ತದೆ, ಟ್ರ್ಯಾಕ್ಟರಿನ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇದು ಕ್ಲಚ್ ಜಾರುವ ಲಕ್ಷಣ. ಇಂಜಿನ್ನಿನ ಸದ್ದೇ ಇಳಿದು ಒದ್ದಾಡಿದರೆ ಅದು ಇಂಜಿನ್ನಿನ ಬಲದ ತೊಂದರೆ, ಕ್ಲಚ್ಚಿನದಲ್ಲ. ಹಿಂದಿನ ಚಕ್ರ ತಿರುಗಿ ಮಣ್ಣು ತೋಡುತ್ತಿದ್ದರೆ ಕ್ಲಚ್ ಹಿಡಿದಿದೆ ಎಂದೇ ಅರ್ಥ.

ಖಾತ್ರಿ ಮಾಡಿಕೊಳ್ಳಲು ಹೀಗೆ ಮಾಡಿ. ಇಂಜಿನ್ ಬಿಸಿಯಾಗಲಿ. ಮುಂದೆ ಹಿಂದೆ ಯಾರೂ ಇರಬಾರದು. ಬ್ರೇಕನ್ನು ಬಲವಾಗಿ ತುಳಿದು ಹಿಡಿಯಿರಿ. ಕ್ಲಚ್ ತುಳಿದು ಮೇಲಿನ ಗೇರ್ ಹಾಕಿ, ಆಕ್ಸಿಲರೇಟರ್ ಅರ್ಧಕ್ಕಿಂತ ಕಮ್ಮಿ ಕೊಟ್ಟು ಪೆಡಲನ್ನು ನಿಧಾನವಾಗಿ ಬಿಡಿ. ಇಂಜಿನ್ ಒದ್ದಾಡಿ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಪೆಡಲ್ ಪೂರ್ತಿ ಬಿಟ್ಟ ಮೇಲೂ ಇಂಜಿನ್ ಆರಾಮಾಗಿ ಓಡುತ್ತಿದ್ದರೆ ಜಾರುತ್ತಿದೆ. ತಕ್ಷಣ ಪೆಡಲ್ ತುಳಿದು ಪರೀಕ್ಷೆ ಮುಗಿಸಿ. ಇದನ್ನು ಮತ್ತೆ ಮತ್ತೆ ಮಾಡಿದರೆ ಇರುವ ಪ್ಲೇಟೂ ಸುಟ್ಟುಹೋಗುತ್ತದೆ.

ಬಿಡುತ್ತಿಲ್ಲವಾ? ಪೆಡಲ್ ಪೂರ್ತಿ ತುಳಿದರೂ ಗೇರ್ ಕರಕರ ಎನ್ನುತ್ತದೆ, ಅಥವಾ ಗೇರ್ ಬಿದ್ದ ಕೂಡಲೇ ಟ್ರ್ಯಾಕ್ಟರು ಮುಂದಕ್ಕೆ ತೆವಳುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಹಳೆ ಗೇರ್‌ಬಾಕ್ಸುಗಳಲ್ಲಿ ಪೆಡಲ್ ತುಳಿದ ಮೇಲೂ ಒಳಗಿನ ಶಾಫ್ಟು ಕೆಲವು ಸೆಕೆಂಡು ತನ್ನ ಪಾಡಿಗೆ ತಿರುಗುತ್ತಿರುತ್ತದೆ. ತುಳಿದ ತಕ್ಷಣ ಗೇರ್ ಎಳೆದರೆ ಚೆನ್ನಾಗಿರುವ ಕ್ಲಚ್ಚಿನಲ್ಲೂ ಕರಕರ ಬರುತ್ತದೆ. ಇಂಜಿನ್ ನಿಧಾನದಲ್ಲಿರಲಿ, ಪೆಡಲ್ ಪೂರ್ತಿ ತುಳಿದು 5ರಿಂದ 10 ಸೆಕೆಂಡು ಕಾಯಿರಿ, ಆಮೇಲೆ ಗೇರ್ ಹಾಕಿ. ಕಾದ ಮೇಲೂ ಸದ್ದು ಬಂದರೆ ಮಾತ್ರ ಕ್ಲಚ್ ಬಿಡುತ್ತಿಲ್ಲ ಎನ್ನಬಹುದು.

ಅದುರುತ್ತಿದೆಯಾ? ಪೆಡಲ್ ಬಿಡುವಾಗ ಟ್ರ್ಯಾಕ್ಟರು ದಡದಡ ಎಂದು ಜಗ್ಗುತ್ತಾ ಹೊರಡುತ್ತದೆ. ಪ್ಲೇಟಿಗೆ ಎಣ್ಣೆ ತಾಗಿರುವುದು, ಫಿಂಗರುಗಳ ಎತ್ತರ ಒಂದೇ ಸಮ ಇಲ್ಲದಿರುವುದು, ಫ್ಲೈವೀಲ್ ಅಥವಾ ಪ್ರೆಷರ್ ಪ್ಲೇಟ್ ಕಾದು ಸೊಟ್ಟಗಾಗಿರುವುದು ಇದರ ಮುಖ್ಯ ಕಾರಣಗಳು. ಒಳಗಿನದನ್ನು ಶಂಕಿಸುವ ಮೊದಲು ಕ್ಲಚ್ ಕವಚದ ಸುತ್ತಲಿನ ಬೋಲ್ಟುಗಳು ಬಿಗಿಯಾಗಿವೆಯಾ ನೋಡಿ.

ಸದ್ದು ಬರುತ್ತಿದೆಯಾ? ಯಾವಾಗ ಬರುತ್ತದೆ ಎಂಬುದರಲ್ಲೇ ಉತ್ತರ ಇದೆ. ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಇದ್ದು, ತುಳಿದಾಗ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ನೋಡಬೇಕು. ಪೆಡಲನ್ನು ಗಟ್ಟಿ ತಾಗುವಷ್ಟು ಮಾತ್ರ ಒತ್ತಿದ ಕೂಡಲೇ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್. ಪೂರ್ತಿ ತುಳಿದು, ಗೇರ್ ಹಾಕಿ, ನಿಂತಲ್ಲೇ ಹಿಡಿದಾಗ ಮಾತ್ರ ಕೀರಲು ಸದ್ದು ಬಂದರೆ ಪೈಲಟ್ ಬೇರಿಂಗ್ ಇರಬಹುದು. ಗೇರ್‌ಬಾಕ್ಸ್ ಶಾಫ್ಟಿನ ಮುಂತುದಿಯನ್ನು ಫ್ಲೈವೀಲಿನ ನಡುವೆ ಹಿಡಿದಿರುವ ಸಣ್ಣ ಬೇರಿಂಗ್ ಇದು. ಇದು ಜಾಮ್ ಆದರೆ ಶಾಫ್ಟನ್ನು ಇಂಜಿನ್ನಿನ ಜೊತೆ ಎಳೆದುಕೊಂಡೇ ತಿರುಗುತ್ತದೆ, ಆಗಲೂ ಕ್ಲಚ್ ಬಿಡುತ್ತಿಲ್ಲ ಎಂದೇ ಅನಿಸುತ್ತದೆ.

ಹಂತ 3: ಪೆಡಲಿನಿಂದ ಫೋರ್ಕಿನವರೆಗೆ ಒಂದೊಂದೇ ಕೀಲು ನೋಡಿ

ಹೆಚ್ಚಿನವರು ಇಲ್ಲಿ ನೇರವಾಗಿ ಫ್ರೀ ಪ್ಲೇ ಅಡ್ಜಸ್ಟ್ ಮಾಡಲು ಹೋಗುತ್ತಾರೆ. ಮಾಡಬೇಡಿ. ಕೀಲುಗಳು ಸವೆದಿದ್ದರೆ ಪೆಡಲಿನಲ್ಲಿ ಕಾಣುವ ಫ್ರೀ ಪ್ಲೇ ಸುಳ್ಳು. ಸ್ಕೇಲಿನಲ್ಲಿ 25 ಮಿ.ಮೀ. ಬಂದಿರುತ್ತದೆ, ಆದರೆ ಅದಷ್ಟೂ ಸಡಿಲ ಪಿನ್ನುಗಳ ಓಟ. ಒಳಗೆ ಬೇರಿಂಗ್ ಫಿಂಗರುಗಳಿಗೆ ತಾಗಿಕೊಂಡೇ ತಿರುಗುತ್ತಿರುತ್ತದೆ. ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಅಡ್ಜಸ್ಟ್ ಮಾಡಿಯೂ ಕ್ಲಚ್ ಸುಟ್ಟುಕೊಂಡವರ ಕಥೆ ಹೆಚ್ಚಾಗಿ ಇದೇ.

ಮೊದಲು ಪೆಡಲ್ ಕೆಳಗಿನ ಒಣಗಿದ ಮಣ್ಣು, ಕಸ ಎಲ್ಲ ಕೆರೆದು ತೆಗೆಯಿರಿ. ಪೆಡಲ್ ಮೇಲಕ್ಕೆ ಎಳೆಯುವ ಸ್ಪ್ರಿಂಗ್ ಇದೆಯಾ, ಬಲ ಇದೆಯಾ ನೋಡಿ. ಸ್ಪ್ರಿಂಗ್ ಹೋಗಿದ್ದರೆ ಪೆಡಲಿನ ಭಾರವೇ ಬೇರಿಂಗನ್ನು ಫಿಂಗರುಗಳ ಮೇಲೆ ಒತ್ತಿ ಹಿಡಿಯುತ್ತದೆ. ಪೆಡಲ್ ಶಾಫ್ಟಿಗೆ ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಯಿರಿ. ಹಳೆ ಗ್ರೀಸ್ ಹೊರಬರದಿದ್ದರೆ ನಿಪ್ಪಲ್ ಕಟ್ಟಿಕೊಂಡಿದೆ, ಬಿಚ್ಚಿ ತೊಳೆಯಿರಿ.

ಈಗ ಇಂಜಿನ್ ಆಫ್ ಇರಲಿ. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಬಿಡಲಿ. ನೀವು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದು ಒಂದೊಂದೇ ಕೀಲಿನ ಮೇಲೆ ಕಣ್ಣಿಡಿ. ಪೆಡಲ್ ಚಲಿಸಿದ ಕ್ಷಣವೇ ರಾಡ್ ಚಲಿಸಬೇಕು, ರಾಡ್ ಚಲಿಸಿದ ಕ್ಷಣವೇ ಅಡ್ಡ ಶಾಫ್ಟಿನ ಲಿವರ್ ಚಲಿಸಬೇಕು. ಎಲ್ಲಿ ಒಂದು ಚಲಿಸಿ ಇನ್ನೊಂದು ತಡ ಮಾಡುತ್ತದೋ ಅಲ್ಲಿ ಸವೆತ ಇದೆ.

ಅಂಥ ಕಡೆ ಸ್ಪ್ಲಿಟ್ ಪಿನ್ ತೆಗೆದು ದಪ್ಪ ಪಿನ್ನನ್ನು ಹೊರಗೆಳೆಯಿರಿ. ಒರೆಸಿ, ಉಗುರನ್ನು ಉದ್ದಕ್ಕೆ ಎಳೆದು ನೋಡಿ. ರಾಡ್ ಕೂರುವ ಜಾಗದಲ್ಲಿ ಉಗುರು ಮೆಟ್ಟಿಲು ಇಳಿದ ಹಾಗೆ ತಗ್ಗಿಗೆ ಬಿದ್ದರೆ ಪಿನ್ ಮುಗಿದಿದೆ. ಆಮೇಲೆ ತೂತನ್ನು ನೋಡಿ. ದುಂಡಗಿರಬೇಕಾದದ್ದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಬರೀ ಹೊಸ ಪಿನ್ ಹಾಕಿ ಪ್ರಯೋಜನ ಇಲ್ಲ. ತೂತನ್ನು ದೊಡ್ಡದು ಮಾಡಿ ಬುಷ್, ಅಂದರೆ ಒಳಗೆ ಕೂರುವ ಲೋಹದ ಬಳೆ ಹಾಕಿಸಿ, ಅಥವಾ ವೆಲ್ಡ್ ತುಂಬಿಸಿ ಮತ್ತೆ ಸರಿಯಾದ ಅಳತೆಗೆ ಕೊರೆಸಿ.

ಮೂರು ಕೀಲುಗಳಲ್ಲಿ ಒಂದೊಂದು ಮಿ.ಮೀ. ಸವೆದಿದ್ದರೂ ಸಾಕು, ಬೇರಿಂಗಿಗೆ ತಲುಪಬೇಕಾದ ಓಟದಲ್ಲಿ ದೊಡ್ಡ ಪಾಲು ದಾರಿಯಲ್ಲೇ ಹೋಗುತ್ತದೆ. "ಕ್ಲಚ್ ಬಿಡುತ್ತಿಲ್ಲ" ಎನ್ನುವ ದೂರು ಇಲ್ಲಿಗೇ ಮುಗಿಯುವುದುಂಟು.

ಅಡ್ಡ ಶಾಫ್ಟು ಕವಚದೊಳಗೆ ಹೋಗುವ ಜಾಗದಲ್ಲಿ ಅದನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಜಾಸ್ತಿ ಅಲುಗಿದರೆ ಬುಷ್ ಸವೆದಿದೆ. ಹೊರಗಿನ ಲಿವರ್ ತಿರುಗಿದರೂ ಒಳಗೆ ಫೋರ್ಕ್ ಅಷ್ಟು ತಿರುಗದಿದ್ದರೆ ಲಿವರನ್ನೋ ಫೋರ್ಕನ್ನೋ ಶಾಫ್ಟಿಗೆ ಹಿಡಿದಿರುವ ಬೋಲ್ಟು ಅಥವಾ ಚಾವಿ (ಶಾಫ್ಟಿನ ಗಾಡಿಯಲ್ಲಿ ಕೂರಿಸುವ ಲೋಹದ ಸಣ್ಣ ತುಂಡು) ಸಡಿಲವಾಗಿರಬಹುದು, ತುಂಡಾಗಿರಲೂಬಹುದು. ತಪಾಸಣೆ ಕಿಂಡಿ ಇರುವ ಮಾಡೆಲ್ ಆದರೆ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ.

ನಿಮ್ಮ ಟ್ರ್ಯಾಕ್ಟರಿನಲ್ಲಿ ರಾಡ್ ಬದಲು ಎಣ್ಣೆ ಒತ್ತಡದ ಕ್ಲಚ್ ಇದ್ದರೆ ಟ್ಯಾಂಕಿನ ಮಟ್ಟ, ಪೈಪಿನ ಸೋರಿಕೆ ನೋಡಿ. ಎರಡು ಮೂರು ಸಲ ಬೇಗಬೇಗ ತುಳಿದರೆ ಮಾತ್ರ ಕ್ಲಚ್ ಬಿಡುತ್ತದೆ ಎಂದಾದರೆ ಒಳಗೆ ಗಾಳಿ ಸೇರಿದೆ. ಅದಕ್ಕೆ ಪುಸ್ತಕದಲ್ಲಿ ಹೇಳಿದ ಎಣ್ಣೆ ಬಿಟ್ಟು ಬೇರೆ ಹಾಕಬೇಡಿ. ಬ್ರೇಕ್ ಎಣ್ಣೆ ಬೇಕಾದ ಕಡೆ ಖನಿಜ ಎಣ್ಣೆ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಹಂತ 4: ಈಗ ಫ್ರೀ ಪ್ಲೇ ಅಳೆದು ಅಡ್ಜಸ್ಟ್ ಮಾಡಿ

ಪೆಡಲಿನ ಪಕ್ಕದಲ್ಲಿ ಸ್ಕೇಲು ನಿಲ್ಲಿಸಿ. ಪೆಡಲನ್ನು ಕೈಯಿಂದಲೇ ಒತ್ತಿ. ಕಾಲಿನಿಂದ ಒತ್ತಿದರೆ ಹಗುರ ಎಲ್ಲಿ ಮುಗಿಯಿತು, ಗಟ್ಟಿ ಎಲ್ಲಿ ಶುರುವಾಯಿತು ಎನ್ನುವುದು ಗೊತ್ತಾಗುವುದಿಲ್ಲ. ಅನೇಕ ಮಾಡೆಲುಗಳಿಗೆ 20ರಿಂದ 30 ಮಿ.ಮೀ. ನಡುವಿನ ಅಳತೆ ಇರುತ್ತದೆ. ನಿಮ್ಮ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಸರಿ.

ಫ್ರೀ ಪ್ಲೇ ಕಮ್ಮಿ ಇದ್ದರೆ ಕ್ಲಚ್ ಜಾರುತ್ತದೆ, ಬೇರಿಂಗೂ ಬೇಗ ಹಾಳಾಗುತ್ತದೆ. ಜಾಸ್ತಿ ಇದ್ದರೆ ಪೆಡಲ್ ಪೂರ್ತಿ ತುಳಿದರೂ ಬೇರಿಂಗ್ ಸಾಕಷ್ಟು ದೂರ ಹೋಗುವುದಿಲ್ಲ, ಕ್ಲಚ್ ಬಿಡುವುದಿಲ್ಲ.

ಅಡ್ಜಸ್ಟ್ ಮಾಡಲು ರಾಡಿನ ತುದಿಯಲ್ಲಿ ಕವಲಿನ ಆಕಾರದ ಯೋಕ್ ಇರುತ್ತದೆ. ಅದರ ಹಿಂದಿನ ಲಾಕ್ ನಟ್ ಸಡಿಲಿಸಿ, ಪಿನ್ ತೆಗೆದು, ಯೋಕನ್ನು ಒಂದೆರಡು ಸುತ್ತು ತಿರುಗಿಸಿ, ಪಿನ್ ಹಾಕಿ ಮತ್ತೆ ಅಳೆಯಿರಿ. ಯಾವ ಕಡೆ ತಿರುಗಿಸಬೇಕು ಎನ್ನುವುದು ರಾಡ್ ಎಳೆಯುವ ಬಗೆಯದೋ ದೂಡುವ ಬಗೆಯದೋ ಎಂಬುದರ ಮೇಲೆ ನಿಂತಿದೆ. ಒಂದು ಸುತ್ತು ತಿರುಗಿಸಿ ಅಳೆದರೆ ತಾನೇ ಗೊತ್ತಾಗುತ್ತದೆ. ಅಳತೆ ಸರಿ ಬಂದ ಮೇಲೆ ಲಾಕ್ ನಟ್ ಬಿಗಿಮಾಡಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೆ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕುವುದು, ಅದರ ಬದಲಿಗೆ ಮೊಳೆ ಬಾಗಿಸಿ ಹಾಕುವುದು ಬೇಡವೇ ಬೇಡ. ಅದು ಮುರಿದು ರಾಡ್ ಕಳಚಿದರೆ ಇಳಿಜಾರಿನಲ್ಲಿ ಕ್ಲಚ್ಚೇ ಇರುವುದಿಲ್ಲ.

ಇನ್ನೂ ಒಂದು ಖಾತ್ರಿ ಬೇಕಿದ್ದರೆ ರಾಡನ್ನು ಅಡ್ಡ ಶಾಫ್ಟಿನ ಲಿವರಿನಿಂದ ಕಳಚಿ, ಲಿವರನ್ನು ಬೆರಳಿನಿಂದ ಆಡಿಸಿ ನೋಡಿ. ಫಿಂಗರುಗಳಿಗೆ ತಾಗುವ ಮೊದಲು ಸ್ವಲ್ಪ ಬಿಡುಬೀಸಾಗಿ ಚಲಿಸಬೇಕು. ನಿಜವಾದ ಸಂದು ಇದು. ಪೆಡಲಿನ ಅಳತೆಗಿಂತ ನನಗೆ ಇದರ ಮೇಲೆ ನಂಬಿಕೆ ಜಾಸ್ತಿ.

ಅಡ್ಜಸ್ಟ್ ಮಾಡುವ ಥ್ರೆಡ್ಡೇ ಮುಗಿದುಹೋಗಿದ್ದರೆ, ಅಂದರೆ ಯೋಕನ್ನು ಕೊನೆಯವರೆಗೆ ತಂದರೂ ಫ್ರೀ ಪ್ಲೇ ಸಿಗದಿದ್ದರೆ, ಪ್ಲೇಟ್ ಸವೆದು ಮುಗಿದಿರುವ ಸಾಧ್ಯತೆ ಹೆಚ್ಚು. ರಾಡನ್ನು ಕತ್ತರಿಸಿ, ಬೆಸೆದು, ಬಾಗಿಸಿ ಇನ್ನಷ್ಟು ದಿನ ಎಳೆಯಲು ಹೋಗಬೇಡಿ. ಲೈನಿಂಗ್ ಪೂರ್ತಿ ಸವೆದು ರಿವೆಟ್ ತಾಗಿದರೆ ಫ್ಲೈವೀಲಿನಲ್ಲಿ ಗೀರು ಬೀಳುತ್ತದೆ, ಖರ್ಚು ಇಮ್ಮಡಿಯಾಗುತ್ತದೆ.

ಹಂತ 5: ಕವಚದ ಕೆಳಗಿನ ತೂತು ಏನು ಹೇಳುತ್ತದೆ

ಅಡ್ಜಸ್ಟ್ ಮಾಡಿದ ಮೇಲೂ ಕ್ಲಚ್ ಜಾರುತ್ತಿದ್ದರೆ ಅಥವಾ ಅದುರುತ್ತಿದ್ದರೆ ಎಣ್ಣೆ ಹುಡುಕಿ. ಕ್ಲಚ್ ಇರುವ ಕವಚವನ್ನು ಬೆಲ್ ಹೌಸಿಂಗ್ ಅನ್ನುತ್ತಾರೆ. ಅದರ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಎಷ್ಟೋ ಮಾಡೆಲುಗಳಲ್ಲಿ ಆ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ಸಡಿಲವಾಗಿ ತೂಗುತ್ತಿರುತ್ತದೆ. ಅದು ಯಾರೋ ಮರೆತು ಬಿಟ್ಟದ್ದಲ್ಲ. ಗಾಡಿ ಓಡುವಾಗ ಅಲುಗಾಡಿ ತೂತು ಕಟ್ಟದಂತೆ ನೋಡಿಕೊಳ್ಳಲೆಂದೇ ಇಟ್ಟದ್ದು, ಕಿತ್ತೆಸೆಯಬೇಡಿ.

ತೂತು ಮಣ್ಣಿನಿಂದ ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ಒಳಗೆ ನಿಂತ ಎಣ್ಣೆ ಇದ್ದರೆ ಈಗಲೇ ಸುರಿಯುತ್ತದೆ. ಆಮೇಲೆ ಸುತ್ತಲೂ ಚೆನ್ನಾಗಿ ಒರೆಸಿ, ಸ್ವಲ್ಪ ಓಡಿಸಿ ನಿಲ್ಲಿಸಿ, ತೂತಿನ ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಮೊದಲು ಒರೆಸುವುದು ಮುಖ್ಯ. ಇಂಜಿನ್ನಿನ ಮೇಲ್ಭಾಗದಿಂದಲೋ ಫಿಲ್ಟರಿನಿಂದಲೋ ಸೋರಿದ ಎಣ್ಣೆ ಹೊರಮೈ ಮೇಲೆ ಇಳಿದು ಬಂದು ಇದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು.

ರಟ್ಟಿನ ಮೇಲೆ ಬಿದ್ದ ಎಣ್ಣೆಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿ. ಕಪ್ಪಗೆ, ತೆಳ್ಳಗೆ ಇದ್ದರೆ ಇಂಜಿನ್ ಆಯಿಲ್. ಇಂಜಿನ್ನಿನ ಹಿಂದಿನ ಸೀಲ್ ಹೋಗಿದೆ. ದಪ್ಪಗೆ, ಗಂಧಕದಂಥ ಘಾಟು ವಾಸನೆ ಇದ್ದರೆ ಗೇರ್ ಆಯಿಲ್. ಗೇರ್‌ಬಾಕ್ಸಿನ ಮುಂದಿನ ಸೀಲ್ ಹೋಗಿದೆ. ಇದು ಈಗಲೇ ತಿಳಿದರೆ ಯಾವ ಸೀಲ್ ತರಿಸಬೇಕು ಎನ್ನುವುದು ಬಿಚ್ಚುವ ಮೊದಲೇ ಗೊತ್ತಿರುತ್ತದೆ.

ಎಣ್ಣೆ ಕುಡಿದ ಪ್ಲೇಟಿಗೆ ಪರಿಹಾರ ಹೊಸ ಪ್ಲೇಟ್ ಮತ್ತು ಹೊಸ ಸೀಲ್, ಎರಡೂ. ಕಿಂಡಿಯಿಂದ ಪೆಟ್ರೋಲ್ ಸುರಿದು ತೊಳೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಮುಚ್ಚಿದ ಕವಚದಲ್ಲಿ ಪೆಟ್ರೋಲಿನ ಆವಿ ತುಂಬಿರುತ್ತದೆ, ಸ್ಟಾರ್ಟರಿನ ಒಂದು ಕಿಡಿ ಸಾಕು.

ಹಂತ 6: ಪಿಟಿಒ ಇದ್ದಾಗಿನ ಗೊಂದಲ

ಪಿಟಿಒ ಅಂದರೆ ಹಿಂದಿನ ಉಪಕರಣಕ್ಕೆ ಶಕ್ತಿ ಕೊಡುವ ಶಾಫ್ಟು. "ಕ್ಲಚ್ ತುಳಿದರೂ ಟ್ರ್ಯಾಕ್ಟರು ಮುಂದಕ್ಕೆ ದೂಡಿಕೊಂಡು ಹೋಗುತ್ತೆ, ಅದೂ ಹುಲ್ಲು ಕತ್ತರಿಸುವಾಗ ಮಾತ್ರ" ಎನ್ನುವವರು ಕ್ಲಚ್ಚನ್ನು ಬಯ್ಯಬೇಕಿಲ್ಲ. ಫರ್ಗ್ಯುಸನ್ ಟಿಇ20, ಫೋರ್ಡ್ 8ಎನ್ ಥರದ ಹಳೆ ಮಾಡೆಲುಗಳಲ್ಲಿ ಒಂದೇ ಕ್ಲಚ್ ಇದ್ದು ಪಿಟಿಒ ಗೇರ್‌ಬಾಕ್ಸಿನ ಮೂಲಕವೇ ತಿರುಗುತ್ತದೆ. ಪೆಡಲ್ ತುಳಿದಾಗ ಇಂಜಿನ್ ಬೇರ್ಪಡುತ್ತದೆ, ಆದರೆ ವೇಗವಾಗಿ ತಿರುಗುತ್ತಿರುವ ಭಾರದ ಬ್ಲೇಡು ಹಿಮ್ಮುಖವಾಗಿ ಗೇರ್‌ಬಾಕ್ಸನ್ನು, ಆ ಮೂಲಕ ಚಕ್ರಗಳನ್ನು ತಿರುಗಿಸುತ್ತದೆ. ಇದಕ್ಕೆ ಮದ್ದು ಪಿಟಿಒ ಶಾಫ್ಟಿಗೆ ಹಾಕುವ ಓವರ್‌ರನ್ನಿಂಗ್ ಕಪ್ಲಿಂಗ್. ಸೈಕಲ್ಲಿನ ಫ್ರೀವೀಲ್ ಹಾಗೆ ಇದು ಶಕ್ತಿಯನ್ನು ಒಂದೇ ಕಡೆಗೆ ಬಿಡುತ್ತದೆ. ಹುಲ್ಲು ಕತ್ತರಿಸುವ ಕೆಲಸಕ್ಕೆ ಇಂಥ ಟ್ರ್ಯಾಕ್ಟರು ಬಳಸುವವರು ಇದಿಲ್ಲದೆ ಇಳಿಯಬೇಡಿ.

ಡಬಲ್ ಕ್ಲಚ್ ಇರುವ ಮಾಡೆಲುಗಳಲ್ಲಿ ಪೆಡಲಿಗೆ ಎರಡು ಹಂತ. ಅರ್ಧ ತುಳಿದರೆ ಟ್ರ್ಯಾಕ್ಟರು ನಿಲ್ಲುತ್ತದೆ, ಪೂರ್ತಿ ತುಳಿದರೆ ಪಿಟಿಒ ಕೂಡ ನಿಲ್ಲುತ್ತದೆ. ಗಾಡಿ ಸರಿಯಾಗಿ ನಿಂತು ಪಿಟಿಒ ಮಾತ್ರ ನಿಲ್ಲದಿದ್ದರೆ ಮೊದಲು ಫ್ರೀ ಪ್ಲೇ ಸರಿಮಾಡಿ. ಆಮೇಲೂ ಹಾಗೇ ಇದ್ದರೆ ಎರಡನೇ ಹಂತದ ಬೋಲ್ಟುಗಳನ್ನು ಕಿಂಡಿಯಿಂದ ಹೊಂದಿಸಬೇಕು. ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತಾ ಒಂದೊಂದು ಬೋಲ್ಟಿನ ಸಂದನ್ನೂ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳ ಸಾಧನ) ಅಳೆದು ಪುಸ್ತಕದ ಅಳತೆಗೆ ತನ್ನಿ. ಎಲ್ಲವೂ ಒಂದೇ ಸಮ ಇರಬೇಕು, ಒಂದು ಹೆಚ್ಚುಕಮ್ಮಿಯಾದರೂ ಪ್ಲೇಟ್ ವಾರೆಯಾಗಿ ಎದ್ದು ಅದುರುತ್ತದೆ. ಈ ಕೆಲಸಕ್ಕೆ ಮೊದಲು ಬ್ಯಾಟರಿ ವೈರ್ ಕಳಚಿಡಿ.

ಹಂತ 7: ನಿಲ್ಲಿಸಿಟ್ಟ ಟ್ರ್ಯಾಕ್ಟರಿನಲ್ಲಿ ಅಂಟಿಕೊಂಡ ಕ್ಲಚ್

ತೇವದ ಜಾಗದಲ್ಲಿ ತಿಂಗಳುಗಟ್ಟಲೆ ನಿಂತರೆ ಫ್ಲೈವೀಲಿಗೆ ತುಕ್ಕು ಹಿಡಿದು ಲೈನಿಂಗ್ ಅದಕ್ಕೆ ಅಂಟಿಕೊಳ್ಳುತ್ತದೆ. ಪೆಡಲ್ ಸರಿಯಾಗಿ ಹೋಗುತ್ತದೆ, ಫ್ರೀ ಪ್ಲೇ ಸರಿಯಿದೆ, ಆದರೂ ಬಿಡುವುದಿಲ್ಲ. ನಿಲ್ಲಿಸುವಾಗ ಚೆನ್ನಾಗಿತ್ತು ಎಂದಾದರೆ ಇದೇ ಕಾರಣ ಇರಬಹುದು. ಬಿಚ್ಚದೆ ಬಿಡಿಸಲು ಸಾಧ್ಯ.

ಮೊದಲು ನಿಧಾನದ ದಾರಿ. ನ್ಯೂಟ್ರಲ್‌ನಲ್ಲಿ ಇಂಜಿನ್ ಶುರುಮಾಡಿ ಚೆನ್ನಾಗಿ ಬಿಸಿಯಾಗಲು ಬಿಡಿ. ಪೆಡಲ್ ಪೂರ್ತಿ ತುಳಿದು ಹಿಡಿದು, ಆಕ್ಸಿಲರೇಟರನ್ನು ಏರಿಸಿ ಇಳಿಸಿ ಮಾಡಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ. ಶಾಖ ಮತ್ತು ಅದುರಾಟಕ್ಕೆ ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಆಗದಿದ್ದರೆ ಇಂಜಿನ್ ಆಫ್ ಮಾಡಿ, ಪೆಡಲನ್ನು ಮರದ ತುಂಡಿನಿಂದ ಕೆಳಗೇ ಒತ್ತಿಟ್ಟು ಒಂದೆರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ. ಆತುರ ಬೇಡ.

ಇದಕ್ಕೂ ಜಗ್ಗದಿದ್ದರೆ ಎರಡನೇ ದಾರಿ. ಇದರಲ್ಲಿ ಅಪಾಯ ಇದೆ. ಬ್ರೇಕ್ ಚೆನ್ನಾಗಿರಬೇಕು. ದೊಡ್ಡ, ಸಮತಟ್ಟಾದ ಬಯಲು ಬೇಕು, ಸುತ್ತ ಯಾರೂ ಇರಬಾರದು, ಹಿಂದೆ ಉಪಕರಣ ಇರಬಾರದು. ಇಂಜಿನ್ ಮೊದಲೇ ಬಿಸಿ ಮಾಡಿ ಆಫ್ ಮಾಡಿ. ಸೀಟಿನಲ್ಲಿ ಕೂತು, ಕೆಳಗಿನ ಗೇರ್ ಹಾಕಿ, ಕ್ಲಚ್ ಪೂರ್ತಿ ತುಳಿದು ಸ್ಟಾರ್ಟ್ ಮಾಡಿ. ಅಂಟಿಕೊಂಡಿರುವುದರಿಂದ ಟ್ರ್ಯಾಕ್ಟರು ತಕ್ಷಣ ಹೊರಡುತ್ತದೆ, ಅದಕ್ಕೆ ಸಿದ್ಧರಿರಿ. ಇಂಜಿನ್ ಆಫ್ ಮಾಡುವ ಗುಂಡಿ ಕೈಗೆ ಸಿಗುವಂತಿರಲಿ. ನೇರ ಹೋಗುತ್ತಾ, ಕ್ಲಚ್ ತುಳಿದೇ ಇಟ್ಟುಕೊಂಡು, ಎರಡೂ ಬ್ರೇಕುಗಳನ್ನು ಒಟ್ಟಿಗೆ ಒತ್ತಿ ಬಿಡಿ, ಒತ್ತಿ ಬಿಡಿ. ಬಿಟ್ಟುಕೊಂಡ ಕ್ಷಣ ಟ್ರ್ಯಾಕ್ಟರು ನಿಲ್ಲುತ್ತದೆ, ಇಂಜಿನ್ ಓಡುತ್ತಲೇ ಇರುತ್ತದೆ.

ಗೋಡೆಗೋ ಮರಕ್ಕೋ ಮುಂಭಾಗ ಕೊಟ್ಟು ಇದನ್ನು ಮಾಡಬೇಡಿ. ಚಕ್ರಕ್ಕೆ ಸರಪಳಿ ಕಟ್ಟಿಯೂ ಮಾಡಬೇಡಿ. ಹಿಂದಿನ ಚಕ್ರ ಸಿಕ್ಕಿಹಾಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದು ಚಾಲಕನ ಮೇಲೇ ಹಿಂದಕ್ಕೆ ಮಗುಚಬಹುದು. ಹಾಗೆಯೇ ನೆಲದ ಮೇಲೆ ನಿಂತು, ಸ್ಟಾರ್ಟರಿನ ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಶುರುಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ. ಗೇರಿನಲ್ಲಿರುವ ಟ್ರ್ಯಾಕ್ಟರು ಹಾಗೆ ಶುರುವಾಗಿ ಹಿಂದಿನ ಚಕ್ರ ನಿಂತವರ ಮೇಲೆಯೇ ಹತ್ತಿದೆ, ಜೀವಗಳು ಹೋಗಿವೆ.

ಬಿಟ್ಟುಕೊಂಡ ಮೇಲೆ ಹಗುರ ಲೋಡಿನಲ್ಲಿ ಕೆಲವು ಸಲ ನಿಧಾನವಾಗಿ ಕ್ಲಚ್ ಬಿಟ್ಟು ಹೊರಡಿ, ಮೇಲಿನ ತುಕ್ಕು ಉಜ್ಜಿಹೋಗುತ್ತದೆ.

ಹಂತ 8: ಬಿಚ್ಚಲೇಬೇಕು ಎಂದಾದರೆ

ಕೀಲು ಸರಿ, ಫ್ರೀ ಪ್ಲೇ ಸರಿ, ಆದರೂ ಜಾರುತ್ತದೆ. ಅಥವಾ ತೂತಿನಿಂದ ಎಣ್ಣೆ ನಿಲ್ಲುತ್ತಿಲ್ಲ. ಅಥವಾ ರಿಲೀಸ್ ಬೇರಿಂಗ್ ಕೂಗುತ್ತಿದೆ. ಆಗ ಬಿಡಿಸದೆ ದಾರಿಯಿಲ್ಲ. ಟ್ರ್ಯಾಕ್ಟರನ್ನು ಎರಡು ಭಾಗ ಮಾಡುವ ಅನುಭವ ಇಲ್ಲದವರು ಇದನ್ನು ಒಬ್ಬರೇ ಮಾಡಬಾರದು. ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದಾದರೂ ಈ ಕೆಲವು ವಿಷಯ ನಿಮಗೆ ಗೊತ್ತಿರಲಿ.

ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ಎಡಕ್ಕೂ ಬಲಕ್ಕೂ ತೂಗುತ್ತದೆ. ಹಿಂಭಾಗ ಕಳಚಿದ ಕ್ಷಣ ಇಂಜಿನ್ ಪಕ್ಕಕ್ಕೆ ಉರುಳಬಹುದು. ಆದ್ದರಿಂದ ಆಕ್ಸಲ್ ಮತ್ತು ಅದರ ಮೇಲಿನ ಆಧಾರದ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆ ಹೊಡೆಯದೆ ಒಂದು ಬೋಲ್ಟನ್ನೂ ಸಡಿಲಿಸಬಾರದು. ಇಂಜಿನ್ ಕೆಳಗೂ ಗೇರ್‌ಬಾಕ್ಸ್ ಕೆಳಗೂ ಗಟ್ಟಿ ಸ್ಟ್ಯಾಂಡ್ ಬೇಕು. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬಾರದು. ಹಳೆ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿ ಹೊಡೆದು ಹಾರಿಸಬೇಡಿ, ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ.

ಒಮ್ಮೆ ಬಿಚ್ಚಿದ ಮೇಲೆ ಬರೀ ಪ್ಲೇಟ್ ಬದಲಿಸಿ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡೂ ಕಡೆಯ ಸೀಲುಗಳನ್ನು ಅದೇ ಹೊತ್ತಿಗೆ ಹೊಸದಾಗಿ ಹಾಕಿಸಿ. ಇವುಗಳಲ್ಲಿ ಒಂದು ಮುಂದೆ ಹೋದರೂ ಮತ್ತೆ ಇಷ್ಟೇ ಬಿಚ್ಚಬೇಕು. ಫ್ಲೈವೀಲಿನ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು, ಗೀರು ಇದ್ದರೆ ತೋರಿಸಿ. ಪ್ರೆಷರ್ ಪ್ಲೇಟಿನ ಫಿಂಗರುಗಳ ತುದಿ ಎಲ್ಲ ಒಂದೇ ಎತ್ತರದಲ್ಲಿವೆಯಾ ಅಳೆಯಿರಿ. ಸ್ಟ್ಯಾಂಪ್ ಒತ್ತಿದಂತೆ ತುದಿಯಲ್ಲಿ ಗುಳಿ ಬಿದ್ದಿದ್ದರೆ ಅವೂ ಸವೆದಿವೆ.

ಕೂಡಿಸುವಾಗ ಆಗುವ ತಪ್ಪುಗಳಲ್ಲಿ ಮೊದಲನೆಯದು ಪ್ಲೇಟನ್ನು ತಿರುಗುಮುರುಗಾಗಿ ಹಾಕುವುದು. ಪ್ಲೇಟಿನ ನಡುವಿನ ಹಬ್ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಇರುತ್ತದೆ. ತಪ್ಪಾಗಿ ಕೂತರೆ ಅದು ಫ್ಲೈವೀಲಿನ ಬೋಲ್ಟುಗಳಿಗೆ ತಾಗಿ ಕ್ಲಚ್ ಬಿಡುವುದೇ ಇಲ್ಲ. ಹಳೆಯದನ್ನು ತೆಗೆಯುವ ಮೊದಲೇ ಫೋಟೋ ತೆಗೆದಿಡಿ, ಹೊಸದರ ಮೇಲೆ ಗುರುತು ಇದೆಯಾ ನೋಡಿ. ಪ್ಲೇಟನ್ನು ನಡುವಿಗೆ ಹೊಂದಿಸಲು ಹಳೆ ಶಾಫ್ಟೋ ಅಳತೆಗೆ ಕಡೆದ ಮರದ ಶಾಫ್ಟೋ ಬೇಕು, ಕಣ್ಣಂದಾಜು ಸಾಲದು. ಸ್ಪ್ಲೈನ್, ಅಂದರೆ ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲುಗಳಿಗೆ ತೆಳ್ಳಗೆ ಗ್ರೀಸ್ ಸವರಿ ಹೆಚ್ಚಾದದ್ದನ್ನು ಒರೆಸಿ. ಹೊಸ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ.

ಎರಡು ಭಾಗ ಕೂಡಿಸುವಾಗ ಕೊನೆಯ ಸಂದು ಮುಚ್ಚದಿದ್ದರೆ ಬೋಲ್ಟ್ ಬಿಗಿದು ಎಳೆಯಬೇಡಿ. ಪ್ಲೇಟ್ ಬಾಗಿಹೋಗುತ್ತದೆ. ಹಲ್ಲುಗಳು ಕೂಡಿಲ್ಲ ಎಂದರ್ಥ. ಗೇರಿನಲ್ಲಿಟ್ಟು ಹಿಂದಿನ ಚಕ್ರ ಸ್ವಲ್ಪ ತಿರುಗಿಸಿ, ಡಬಲ್ ಕ್ಲಚ್ ಆದರೆ ಪಿಟಿಒ ಶಾಫ್ಟನ್ನೂ ತಿರುಗಿಸಿ. ಕೂಡಿದಾಗ ತಾನಾಗಿ ಒಳಗೆ ಜಾರುತ್ತದೆ.

ಹಂತ 9: ಮುಂದಕ್ಕೆ

ಹೊಸ ಪ್ಲೇಟ್ ಹಾಕಿದ ಮೊದಲ ಕೆಲವು ಗಂಟೆ ಹಗುರ ಕೆಲಸ ಮಾಡಿಸಿ. ಲೈನಿಂಗ್ ಕೂತುಕೊಂಡಂತೆ ಫ್ರೀ ಪ್ಲೇ ಕಮ್ಮಿಯಾಗುತ್ತದೆ, ಬೇಗನೇ ಮತ್ತೊಮ್ಮೆ ಅಳೆಯಿರಿ. ಆಮೇಲೆ ಇಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಸ್ಕೇಲು ಹಿಡಿಯುವ ರೂಢಿ ಇಟ್ಟುಕೊಳ್ಳಿ.

ಓಡಿಸುವಾಗ ಕಾಲು ಪೆಡಲಿನ ಮೇಲೆ ವಿಶ್ರಾಂತಿಗೆ ಇರಬಾರದು. ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸಿಕೊಳ್ಳಬೇಡಿ, ಅದಕ್ಕೆ ಬ್ರೇಕ್ ಇದೆ. ಭಾರ ಎಳೆಯುವಾಗ ಮೇಲಿನ ಗೇರಿನಲ್ಲಿ ಕ್ಲಚ್ ಜಾರಿಸಿ ಹೊರಡುವುದಕ್ಕಿಂತ ಕೆಳಗಿನ ಗೇರಿನಲ್ಲಿ ಹೊರಡಿ.

ಟ್ರ್ಯಾಕ್ಟರನ್ನು ಹೆಚ್ಚು ದಿನ ನಿಲ್ಲಿಸುವುದಾದರೆ ಕ್ಲಚ್ ಪೆಡಲನ್ನು ಕೆಳಗೆ ಒತ್ತಿ ಮರದ ತುಂಡು ಕೊಟ್ಟು ಇಡಿ. ಕೆಲವು ಮಾಡೆಲುಗಳಲ್ಲಿ ಇದಕ್ಕೆಂದೇ ಕೊಕ್ಕೆ ಇರುತ್ತದೆ. ಆಗ ಪ್ಲೇಟ್ ಫ್ಲೈವೀಲಿನಿಂದ ಬೇರೆಯಾಗಿಯೇ ಇರುತ್ತದೆ, ಅಂಟುವುದಿಲ್ಲ. ಪೆಡಲ್ ಒತ್ತಿಟ್ಟಿದೆ ಎಂದು ಒಂದು ಚೀಟಿ ಬರೆದು ಸ್ಟೇರಿಂಗಿಗೆ ಕಟ್ಟಿ. ಮುಂದೆ ಶುರುಮಾಡುವವರು ಆ ತುಂಡು ತೆಗೆದು, ಪೆಡಲ್ ಪೂರ್ತಿ ಮೇಲೆ ಬಂದಿದೆಯಾ ನೋಡಿ, ಗೇರ್ ನ್ಯೂಟ್ರಲ್‌ನಲ್ಲಿದೆ ಎಂದು ಖಾತ್ರಿ ಮಾಡಿಕೊಂಡೇ ಚಾವಿ ತಿರುಗಿಸಲಿ.